ಐದೇ ನಿಮಿಷದ ಓಟಕ್ಕೆ ಪುಟ್ಟ ಬಗ್ಗಿ

ಮಣ್ಣಿನ ದಿಬ್ಬದಿಂದ ಹಾರಿದ ಬಗ್ಗಿ ಮೂತಿ ಮೇಲೆತ್ತಿಕೊಂಡು ಗಾಳಿಯಲ್ಲಿ ತೇಲುತ್ತಿದೆ. ಇನ್ನೇನು ಬೆನ್ನಡಿಯಾಗಿ ಬೀಳಬೇಕು! ಅಷ್ಟರಲ್ಲಿ ದೂರದ ಅಟ್ಟಣಿಗೆಯ ಮೇಲೆ ನಿಂತವನ ಬೆರಳು ಬ್ರೇಕ್ ಒತ್ತುತ್ತದೆ. ಗಾಳಿಯಲ್ಲೇ ಗಿರಗಿರನೆ ತಿರುಗುತ್ತಿದ್ದ ಹಿಂದಿನ ಚಕ್ರಗಳು ತಟ್ಟನೆ ನಿಲ್ಲುತ್ತವೆ. ಅವುಗಳ ತಿರುಗುಬಲ ಇಡೀ ಗಾಡಿಗೆ ವರ್ಗವಾಗಿ ಮೂತಿ ಕೆಳಗಿಳಿಯುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟುತ್ತವೆ. ಧೂಳೆಬ್ಬಿಸುತ್ತ ಬಗ್ಗಿ ಮುಂದಿನ ತಿರುವಿಗೆ ನುಗ್ಗುತ್ತದೆ.

ಈ ಗಾಡಿಯೊಳಗೆ ಚಾಲಕ ಕೂರುವಂತಿಲ್ಲ. ಇದರ ಉದ್ದ ಒಂದು ಮೊಳಕ್ಕೂ ಕಡಿಮೆ. ತೂಕ ಸುಮಾರು ಒಂದೂವರೆ ಕಿಲೋ. ಬ್ಯಾಟರಿಯಿಂದ ಓಡುವ, ರೇಡಿಯೋ ಅಲೆಗಳಿಗೆ ತಲೆಬಾಗುವ ಬಗ್ಗಿ ಇದು. ಮಕ್ಕಳ ಆಟಿಕೆಯೆಂದು ಮೂಗು ಮುರಿಯಬೇಡಿ. ಇದಕ್ಕೂ ವಿಶ್ವ ಚಾಂಪಿಯನ್‌ಷಿಪ್ ಇದೆ!

ಆಟಿಕೆ ಓಟಗಾರನಾದ ಬಗೆ

ಜಪಾನಿನ ಷಿಜುವೊಕಾದ ಟಮಿಯಾ ಸಂಸ್ಥೆ 1979ರಲ್ಲಿ 'ರಫ್ ರೈಡರ್' ಎಂಬ ಬಗ್ಗಿಯನ್ನು ಹೊರತಂದಿತು. ಮರುಭೂಮಿಯ ಪಂದ್ಯಗಳಲ್ಲಿ ಓಡುವ ದೊಡ್ಡ ಬಗ್ಗಿಗಳ ಪಡಿಯಚ್ಚು ಅದು. ನೋಡಲು ಚೆಂದ, ಆದರೆ ಮೈ ಭಾರ. 1984ರಲ್ಲಿ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಎಲೆಕ್ಟ್ರಿಕ್ಸ್ ಬೇರೆಯದೇ ಹಾದಿ ಹಿಡಿಯಿತು. ರೋಜರ್ ಕರ್ಟಿಸ್ ವಿನ್ಯಾಸದ 'ಆರ್‌ಸಿ10' ಯಾವ ದೊಡ್ಡ ಗಾಡಿಯನ್ನೂ ಅನುಕರಿಸಲಿಲ್ಲ. ಗೆಲ್ಲುವುದಕ್ಕೆ ಏನು ಬೇಕೋ ಅಷ್ಟೇ ಅದರಲ್ಲಿತ್ತು: ಹೊನ್ನಿನ ಬಣ್ಣದ ಅಲ್ಯುಮಿನಿಯಂ ತೊಟ್ಟಿಯಂಥ ತಳ, ಒಂದೊಂದು ಚಕ್ರಕ್ಕೂ ಎಣ್ಣೆ ತುಂಬಿದ ಷಾಕ್ ಅಬ್ಸಾರ್ಬರು, ಹಗುರ ಪ್ಲಾಸ್ಟಿಕ್ಕಿನ ಮೇಲ್ಮೈ. ಮರುವರ್ಷವೇ, 1985ರಲ್ಲಿ, ಈ ವರ್ಗದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆಯಿತು. ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ವಿಭಾಗದಲ್ಲಿ ಜೇ ಹಾಲ್ಸಿ ಗೆದ್ದದ್ದು ಇದೇ ಆರ್‌ಸಿ10ರಿಂದ.

ಪೆಟ್ಟಿಗೆ ಬಿಚ್ಚಿದರೆ ಗಾಡಿಯಿಲ್ಲ!

ಇಂಥ ಬಗ್ಗಿ ಕೊಂಡವನು ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಗಾಡಿಯಲ್ಲ, ಚೀಲಚೀಲ ಬಿಡಿಭಾಗಗಳು. ಮೋಟರು, ಬ್ಯಾಟರಿ, ರೇಡಿಯೋಗಳನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕು. ಹಾಗಾಗಿ ಒಬ್ಬನ ಬಗ್ಗಿ ಇನ್ನೊಬ್ಬನ ಬಗ್ಗಿಯಂತಿರುವುದಿಲ್ಲ. ಬುಗುರಿಯ ಮೊಳೆಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಹದ ಮಾಡುವ ಹುಡುಗನ ತಾಳ್ಮೆ ಇಲ್ಲಿ ಬೇಕು.

ಷಾಕ್ ಅಬ್ಸಾರ್ಬರಿನ ಕೊಳವೆಗೆ ಎಣ್ಣೆ ಹೊಯ್ದು, ಗುಳ್ಳೆಯೆಲ್ಲ ಮೇಲೇರಿ ಒಡೆಯುವವರೆಗೆ ಕಾಯಬೇಕು. ಗುಳ್ಳೆ ಉಳಿದರೆ ನಾಲ್ಕು ಚಕ್ರಗಳೂ ನಾಲ್ಕು ಥರ ಕುಣಿಯುತ್ತವೆ. ಎಣ್ಣೆ ತೆಳುವಾದರೆ ದಿಬ್ಬ ಹಾರಿ ಇಳಿದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಮಂದವಾದರೆ ಉಬ್ಬುತಗ್ಗಿನ ಮೇಲೆ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಪಾರದರ್ಶಕ ಮೇಲ್ಮೈಗೆ ಬಣ್ಣವನ್ನು ಬಳಿಯುವುದು ಒಳಗಿನಿಂದ. ಹೊರಗೆ ಬಳಿದರೆ ಮೊದಲ ಪಲ್ಟಿಗೇ ಕೆರೆದು ಹೋದೀತು.

ಆರು ಬ್ಯಾಟರಿಯ ಲೆಕ್ಕ

ಆದರೆ ಆ ಕಾಲದ ಓಟಗಾರನ ನಿದ್ದೆ ಕೆಡಿಸುತ್ತಿದ್ದುದು ಇದ್ಯಾವುದೂ ಅಲ್ಲ, ಬ್ಯಾಟರಿ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಆರು, ತಲಾ 1.2 ವೋಲ್ಟ್, ಒಟ್ಟು 7.2. ಅವುಗಳ ಸಾಮರ್ಥ್ಯ 1200 ಮಿಲಿಆಂಪಿಯರ್-ಗಂಟೆ ಎನ್ನಿ. ಓಟ ಐದು ನಿಮಿಷದ್ದು. ಲೆಕ್ಕ ಹಾಕಿ: ಮೋಟರು ಸರಾಸರಿ 14.4 ಆಂಪಿಯರಿಗಿಂತ ಹೆಚ್ಚು ಎಳೆದರೆ ಐದು ನಿಮಿಷ ತುಂಬುವ ಮೊದಲೇ ಬ್ಯಾಟರಿ ಬರಿದು!

ಇಲ್ಲಿದೆ ಆಟದ ಮರ್ಮ. ಮೋಟರಿನ ತುದಿಯ ಪುಟ್ಟ ಗೇರಿಗೆ 18 ಹಲ್ಲಿನ ಬದಲು 19 ಹಲ್ಲಿನದನ್ನು ಹಾಕಿದರೆ ಮೋಟರಿನ ಒಂದೊಂದು ಸುತ್ತಿಗೂ ಬಗ್ಗಿ ಶೇಕಡಾ ಐದೂವರೆಯಷ್ಟು ಹೆಚ್ಚು ದೂರ ಹೋಗುತ್ತದೆ. ನೇರ ದಾರಿಯಲ್ಲಿ ಎಲ್ಲರನ್ನೂ ಹಿಂದಿಕ್ಕಬಹುದು. ಆದರೆ ಮೋಟರು ಹೆಚ್ಚು ವಿದ್ಯುತ್ ಕುಡಿಯುತ್ತದೆ, ಕಾಯುತ್ತದೆ. ನಾಲ್ಕು ನಿಮಿಷ ಮುಂದಿದ್ದವನು ಐದನೆಯ ನಿಮಿಷದಲ್ಲಿ ಕುಂಟುತ್ತ, ಹಿಂದಿದ್ದವರೆಲ್ಲ ಸಾಲಾಗಿ ದಾಟಿ ಹೋಗುವುದನ್ನು ಅಟ್ಟಣಿಗೆಯ ಮೇಲಿಂದ ನೋಡುತ್ತ ನಿಲ್ಲಬೇಕಾಗುತ್ತದೆ. ಒಂದು ಹಲ್ಲಿನ ಆಸೆಗೆ ತೆತ್ತ ಬೆಲೆ!

ಆದ್ದರಿಂದಲೇ ಗೆಲ್ಲಬೇಕೆನ್ನುವವರು ಒಂದೊಂದು ಬ್ಯಾಟರಿಯನ್ನೂ ಪರೀಕ್ಷಿಸಿ, ಅದು ಎಷ್ಟು ಸೆಕೆಂಡು ಬಾಳುತ್ತದೆಂದು ಚೀಟಿ ಅಂಟಿಸಿ, ಸರಿಸಮನಾದ ಆರನ್ನು ಹೊಂದಿಸುತ್ತಿದ್ದರು. ಅಲ್ಯುಮಿನಿಯಂ ತಳ ತೆಗೆದು ಗ್ರಾಫೈಟ್ ಹಲಗೆ ಜೋಡಿಸಿ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಿದವರೂ ಇದ್ದರು. ಓಡಿಸುವಾಗಲೂ ಅಷ್ಟೇ. ತಿರುವಿನಲ್ಲಿ ಚಕ್ರ ಸುಮ್ಮನೆ ಸುತ್ತಿದರೆ ಬಗ್ಗಿ ಮುಂದೆ ಹೋಗುವುದಿಲ್ಲ, ವಿದ್ಯುತ್ ಮಾತ್ರ ಖರ್ಚು. ಬೆರಳಿಗೆ ಹಿಡಿತವಿದ್ದವನ ಬ್ಯಾಟರಿಯೇ ಕೊನೆಯವರೆಗೆ ಉಳಿಯುತ್ತಿತ್ತು.

ಇನ್ನೊಂದು ಭಯ ರೇಡಿಯೋದ್ದು. ಇಬ್ಬರ ರೇಡಿಯೋ ಒಂದೇ ಕಂಪನಾಂಕದಲ್ಲಿದ್ದರೆ ಒಬ್ಬನ ಸ್ವಿಚ್ಚಿಗೆ ಮತ್ತೊಬ್ಬನ ಬಗ್ಗಿ ಹುಚ್ಚೆದ್ದು ಓಡುತ್ತಿತ್ತು. ಅದಕ್ಕೆಂದೇ ಹಲಗೆಯೊಂದಕ್ಕೆ ಕಂಪನಾಂಕ ಬರೆದ ಕ್ಲಿಪ್ಪುಗಳನ್ನು ಸಿಕ್ಕಿಸಿರುತ್ತಿದ್ದರು. ಆ ಕ್ಲಿಪ್ಪು ಕೈಗೆ ಸಿಕ್ಕ ಮೇಲೆಯೇ ರೇಡಿಯೋ ಹಾಕಬೇಕೆಂಬ ಕಟ್ಟುಪಾಡು.

ಕಾಲ ಬದಲಾಯಿತು

ಈಗಿನ ಬಗ್ಗಿಗಳಲ್ಲಿ ಲಿಥಿಯಂ-ಪಾಲಿಮರ್ ಬ್ಯಾಟರಿ, ಬ್ರಷ್ ಇಲ್ಲದ ಮೋಟರು. 2.4 ಗಿಗಾಹರ್ಟ್ಸ್ ರೇಡಿಯೋಗಳು ಒಂದರ ಕಾಲು ಇನ್ನೊಂದು ತುಳಿಯದಂತೆ ತಾವೇ ದಾರಿ ಹುಡುಕಿಕೊಳ್ಳುತ್ತವೆ. ಐದು ನಿಮಿಷಕ್ಕೆ ವಿದ್ಯುತ್ತಿನ ಚಿಂತೆಯಿಲ್ಲ. ಚಿಂತೆಯೀಗ ಟೈರಿಗೆ ವರ್ಗವಾಗಿದೆ: ರಬ್ಬರು ಎಷ್ಟು ಮೆದು, ಮುಳ್ಳು ಎಷ್ಟು ಉದ್ದ, ಮಣ್ಣು ಎಷ್ಟು ತೇವ? ಶಕ್ತಿ ಬೇಕಾದಷ್ಟಿದೆ, ಅದನ್ನು ನೆಲಕ್ಕೆ ಮುಟ್ಟಿಸುವ ಹದ ಮಾತ್ರ ಇಂದಿಗೂ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಆ ಹಳೆಯ ಆರ್‌ಸಿ10 ಕೂಡ 2013ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು.

ಒಂದು ಪದ್ಧತಿ ಮಾತ್ರ ಬದಲಾಗಿಲ್ಲ. ತನ್ನ ಓಟ ಮುಗಿಸಿದವನು ರೇಡಿಯೋ ಕೆಳಗಿಟ್ಟು ಮುಂದಿನ ಓಟಕ್ಕೆ ಅಂಕಣದೊಳಗೆ ಕಾವಲು ನಿಲ್ಲಬೇಕು. ಯಾರ ಬಗ್ಗಿ ಮಗುಚಿದರೂ ಓಡಿಹೋಗಿ ಎತ್ತಿ ನಿಲ್ಲಿಸಬೇಕು. ಗೆದ್ದವನಿಗೂ ಇದೇ ಕೆಲಸ, ಸೋತವನಿಗೂ ಇದೇ ಕೆಲಸ. ಕೊನೆಯ ಸುತ್ತಿನಲ್ಲಿ ನಿಂತುಹೋದ ತನ್ನ ಬಗ್ಗಿಯನ್ನು ಬೇಲಿಯ ಬದಿಗಿಟ್ಟು, ಬೇರೆಯವನ ಬಗ್ಗಿಯನ್ನು ಧೂಳಿನಿಂದ ಎತ್ತಿ ಹಾದಿಗೆ ಬಿಡುವವನ ಮನಸ್ಸಿನಲ್ಲಿ ಆಗಲೇ ಮುಂದಿನ ವಾರದ ಲೆಕ್ಕ ನಡೆದಿರುತ್ತದೆ.