ನೀಲಿ ಬೆಳಕಿನ ತಟ್ಟೆಯಲ್ಲಿ ಅಮ್ಮನ ದನಿ

ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮೂರ ಕೆರೆ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ನಮ್ಮೂರೆಂದರೆ ಯಲಹಂಕದ ಪುಟ್ಟೇನಹಳ್ಳಿ. ಜೆ.ಪಿ. ನಗರದ ಪುಟ್ಟೇನಹಳ್ಳಿ ಬೇರೆ. ಅಲ್ಲೂ ಒಂದು ಕೆರೆ ಇರುವುದರಿಂದ ಕೊರಿಯರ್ ಹುಡುಗರು ಇವತ್ತಿಗೂ ತಬ್ಬಿಬ್ಬಾಗುತ್ತಾರೆ. “ತಾತ, ಮೊದಲು ಕೆರೆ ಹೇಗಿತ್ತು ಅಂತ ಊರಿನ ಹಳಬರನ್ನ ಕೇಳಿ ಬರೀಬೇಕಂತೆ” ಎಂದಳು.

ನಮ್ಮ ಮನೆಯಲ್ಲಿ ಕೆರೆಯ ಕಥೆ ಹೇಳಬಲ್ಲವಳೆಂದರೆ ನನ್ನ ಅಮ್ಮ. ಅವಳು ಹೋಗಿ ಹನ್ನೆರಡು ವರ್ಷವಾಯಿತು. ಆದರೆ 2009ರ ಜನವರಿಯಲ್ಲಿ ಅವಳನ್ನು ಕೆರೆ ಏರಿಯ ಮೇಲೆ ಕೂರಿಸಿ ಮಾತಾಡಿಸಿ ವಿಡಿಯೋ ಮಾಡಿದ್ದೆ. ಅದು ಬೀರುವಿನಲ್ಲಿ, ಎರಡು ಬ್ಲೂ-ರೇ ಡಿಸ್ಕ್‌ಗಳಲ್ಲಿ ಭದ್ರವಾಗಿತ್ತು. ಭದ್ರವಾಗಿದೆ ಎಂದೇ ನಾನು ತಿಳಿದಿದ್ದೆ.

ನನ್ನ ವಯಸ್ಸಿನವರಿಗೆ ವಿ.ಸಿ.ಪಿ. ಬಾಡಿಗೆಗೆ ತಂದು, ಬೀದಿಯವರೆಲ್ಲ ಸೇರಿ ರಾತ್ರಿಯಿಡೀ ಮೂರು ಸಿನಿಮಾ ನೋಡಿದ್ದು ನೆನಪಿರಬಹುದು. ಆಮೇಲೆ ಸಿ.ಡಿ., ಅದರ ಹಿಂದೆ ಡಿ.ವಿ.ಡಿ. ಬಂತು. ಮಕ್ಕಳೇ, ನಿಮ್ಮಲ್ಲಿ ಕೆಲವರು ಡಿ.ವಿ.ಡಿ.ಯನ್ನೂ ನೋಡಿರಲಿಕ್ಕಿಲ್ಲ. ಅದೇ ಗಾತ್ರದ, 12 ಸೆಂಟಿಮೀಟರ್ ಅಗಲದ ಹೊಳೆಯುವ ತಟ್ಟೆಯೇ ಬ್ಲೂ-ರೇ. ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸಿದರೆ, ಬ್ಲೂ-ರೇಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ.

ಅಷ್ಟು ಹೆಚ್ಚು ಹೇಗೆ ಹಿಡಿಸುತ್ತದೆ ಎಂದು ಮೊಮ್ಮಗಳು ಕೇಳಿದಾಗ ನಾನು ಅಂಗಳದ ರಂಗೋಲಿ ತೋರಿಸಿದೆ. ದಪ್ಪ ಎಳೆಯಲ್ಲಿ ಬಿಟ್ಟರೆ ಅಂಗಳದಲ್ಲಿ ನಾಲ್ಕು ಸುತ್ತು ಹಿಡಿಯುತ್ತದೆ. ಕೈ ಪಳಗಿದವರು ನೂಲಿನಂಥ ಎಳೆ ಬಿಟ್ಟರೆ ಅದೇ ಜಾಗದಲ್ಲಿ ಇಪ್ಪತ್ತು ಸುತ್ತು ಬರುತ್ತದೆ. ಡಿಸ್ಕಿನಲ್ಲಿ ಎಳೆ ಬಿಡುವ ಬೆರಳೆಂದರೆ ಲೇಸರ್ ಬೆಳಕು. ಸಿ.ಡಿ.ಗೆ ಕಣ್ಣಿಗೆ ಕಾಣದ 780 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ಡಿ.ವಿ.ಡಿ.ಗೆ 650ರ ಕೆಂಪು, ಬ್ಲೂ-ರೇಗೆ 405ರ ನೀಲಿ-ನೇರಳೆ. ಅಲೆ ಚಿಕ್ಕದಾದಷ್ಟೂ ಬೆಳಕಿನ ಚುಕ್ಕಿಯನ್ನು ಸಣ್ಣದು ಮಾಡಬಹುದು. ಬ್ಲೂ-ರೇಯಲ್ಲಿ ಒಂದು ಸಾಲಿಗೂ ಪಕ್ಕದ ಸಾಲಿಗೂ 0.32 ಮೈಕ್ರಾನ್ ಅಂತರ. ನಮ್ಮ ತಲೆಗೂದಲಿನ ದಪ್ಪದಲ್ಲಿ ಇನ್ನೂರಕ್ಕೂ ಹೆಚ್ಚು ಸಾಲು ಕೂರುತ್ತವೆ. ಒಂದು ಡಿಸ್ಕಿನ ಸುರುಳಿ ಸಾಲನ್ನು ಬಿಚ್ಚಿ ನೇರ ಹಾಸಿದರೆ ಸುಮಾರು 27 ಕಿಲೋಮೀಟರ್. ನಮ್ಮ ಯಲಹಂಕದಿಂದ ದೊಡ್ಡಬಳ್ಳಾಪುರ ಮುಟ್ಟಬಹುದು!

ನೀಲಿ ಬೆಳಕು ಸುಲಭವಾಗಿ ಸಿಕ್ಕಿದ್ದಲ್ಲ. ಕೆಂಪು, ಹಸಿರು ಎಲ್.ಇ.ಡಿ. ದೀಪಗಳು ಬಂದು ಎಷ್ಟೋ ವರ್ಷ ಕಳೆದರೂ ಪ್ರಖರವಾದ ನೀಲಿ ಯಾರ ಕೈಗೂ ದಕ್ಕಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಜಪಾನಿನ ನಿಚಿಯಾ ಕಂಪನಿಯಲ್ಲಿ ದುಡಿಯುತ್ತಿದ್ದ ನಕಾಮುರ ಅವರೇ ಮುಂದೆ ನೀಲಿ-ನೇರಳೆ ಲೇಸರನ್ನೂ ಮಾಡಿ ತೋರಿಸಿದವರು. ಆ ಬೆಳಕಿಲ್ಲದಿದ್ದರೆ ಈ ಡಿಸ್ಕ್ ಇಲ್ಲ.

ಮನೆಬಳಕೆಗೆಂದು ಮೊದಲು ಬಂದದ್ದು ಸೋನಿಯ ರೆಕಾರ್ಡರ್, 2003ರ ಏಪ್ರಿಲ್‌ನಲ್ಲಿ, ಜಪಾನಿನಲ್ಲಿ ಮಾತ್ರ. ಬೆಲೆ 4,50,000 ಯೆನ್, ಎಂದರೆ ಆಗಿನ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಡಿಸ್ಕನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯ ಸಮೇತ ಒಳಗೆ ತಳ್ಳಬೇಕಿತ್ತು. ಕಾರಣವಿದೆ. ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರ್ ಆಳದಲ್ಲಿದ್ದರೆ, ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್ ಕೆಳಗಿರುತ್ತದೆ. ಒಂದು ಗೀರು ಬಿದ್ದರೂ ಕಷ್ಟ. ಆಮೇಲೆ ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಡಬ್ಬಿ ಮಾಯವಾಯಿತು.

2006ರಲ್ಲಿ ಜಗಳ ಶುರುವಾಯಿತು. ತೋಷಿಬಾ ‘ಎಚ್.ಡಿ. ಡಿ.ವಿ.ಡಿ.’ ಎಂಬ ಬೇರೊಂದು ತಟ್ಟೆ ತಂದಿತು. ಅದಕ್ಕೂ ಅದೇ ನೀಲಿ ಬೆಳಕು, ಆದರೆ ಒಂದು ಪದರದಲ್ಲಿ 15 ಗಿಗಾಬೈಟ್ ಮಾತ್ರ. ಅಮೆರಿಕದಲ್ಲಿ ಅದರ ಮೊದಲ ಪ್ಲೇಯರ್‌ಗೆ 499 ಡಾಲರ್. ಎರಡು ತಿಂಗಳ ನಂತರ ಬಂದ ಸ್ಯಾಮ್‌ಸಂಗ್ ಬ್ಲೂ-ರೇ ಪ್ಲೇಯರ್‌ಗೆ 999. ಆ ತೋಷಿಬಾ ಯಂತ್ರದೊಳಗೆ ಇದ್ದದ್ದು ಪೆಂಟಿಯಂ 4 ಚಿಪ್ಪಿನ ಸಾಕ್ಷಾತ್ ಕಂಪ್ಯೂಟರ್. ಗುಂಡಿ ಒತ್ತಿ ಅದು ಎದ್ದು ಕೂರುವವರೆಗೆ ಕಾಯಬೇಕಿತ್ತು. ಒಂದರ ಡಿಸ್ಕ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಸಿನಿಮಾ ಕಂಪನಿಗಳೂ ಎರಡು ಬಣವಾದವು. 2008ರ ಜನವರಿಯಲ್ಲಿ ವಾರ್ನರ್ ಕಂಪನಿ ಬ್ಲೂ-ರೇ ಕಡೆ ವಾಲಿತು; ಫೆಬ್ರವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. ನಂಬಿ ದುಡ್ಡು ಸುರಿದವರ ಮನೆಯಲ್ಲಿ ಆ ಯಂತ್ರಗಳು ಅನಾಥವಾದವು. ಪುಣ್ಯಕ್ಕೆ ನನ್ನ ಮಗ ಗೆದ್ದ ಕುದುರೆಯನ್ನೇ ಕೊಂಡಿದ್ದ.

ಅವನು ಅಮೆರಿಕದಿಂದ ಸಂಕ್ರಾಂತಿಗೆ ಬಂದಾಗ ಒಂದು ಎಚ್.ಡಿ. ಕ್ಯಾಮೆರಾ, ಒಂದು ಬ್ಲೂ-ರೇ ಪ್ಲೇಯರ್ ತಂದಿದ್ದ. ಪ್ಲೇಯರ್ 110 ವೋಲ್ಟಿನದು. ನೇರ ಪ್ಲಗ್ಗಿಗೆ ಹಾಕಿದ್ದರೆ ಅವತ್ತೇ ಹೊಗೆ ಬರುತ್ತಿತ್ತು. ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದೆವು. ಇನ್ನೊಂದು ತಾಪತ್ರಯ: ಬ್ಲೂ-ರೇಗೆ ಜಗತ್ತನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದ್ದರು. ಅಮೆರಿಕ ‘ಎ’, ಭಾರತ ‘ಸಿ’. ಇಲ್ಲಿ ಕೊಂಡ ಸಿನಿಮಾ ಡಿಸ್ಕ್ ಹಾಕಿದರೆ ಆ ಪ್ಲೇಯರ್ ಮುಖ ತಿರುಗಿಸಿತು. ಮನೆಯಲ್ಲಿ ನಾವೇ ಬರೆದ ಡಿಸ್ಕಿಗೆ ಮಾತ್ರ ಈ ಗಡಿರೇಖೆ ಇಲ್ಲ. ಹಾಗಾಗಿ ನಮ್ಮ ಮನೆಯ ಪ್ಲೇಯರ್‌ನಲ್ಲಿ ಸಿನಿಮಾಕ್ಕಿಂತ ಹೆಚ್ಚು ಓಡಿದ್ದು ನಾಮಕರಣ, ಗೃಹಪ್ರವೇಶ, ಕೆರೆ.

ಅವತ್ತು ಬೆಳಿಗ್ಗೆ ಏಳು ಗಂಟೆಗೆ ಅಮ್ಮನನ್ನು ಏರಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು. 82 ವರ್ಷ ಅವಳಿಗೆ. ಹೆಗಲಿಗೆ ಶಾಲು, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಕಾಫಿ. ಒಂದು ಗಂಟೆ ಮಾತಾಡಿದಳು. ಆ ಕ್ಯಾಮೆರಾದಲ್ಲಿ ಒಂದು ಗಂಟೆಗೆ ಏಳೆಂಟು ಗಿಗಾಬೈಟ್ ಆಗುತ್ತಿತ್ತು, ಡಿ.ವಿ.ಡಿ.ಯಲ್ಲಿ ಹಾಗೇ ಹಿಡಿಸುವಂತಿರಲಿಲ್ಲ. ಚಿತ್ರ ಮಸುಕು ಮಾಡಿ ತುರುಕಲು ನನಗೆ ಮನಸ್ಸಾಗಲಿಲ್ಲ. ಕಂಪ್ಯೂಟರಿಗೆ ಬ್ಲೂ-ರೇ ಬರ್ನರ್ ಹಾಕಿಸಿದೆ. ಹೆಚ್ಚುಕಡಿಮೆ ಒಂದು ತಿಂಗಳ ಪಿಂಚಣಿ ಅದಕ್ಕೇ ಹೋಯಿತು. ಖಾಲಿ ಡಿಸ್ಕ್ ಒಂದಕ್ಕೆ ಐನೂರರ ಮೇಲೆ.

‘ಬರ್ನ್’ ಎಂದರೆ ನಿಜವಾಗಿಯೂ ಸುಡುವುದೇ. ಖಾಲಿ ಡಿಸ್ಕಿನ ಪದರಕ್ಕೆ ಲೇಸರ್ ಕಾವು ಕೊಟ್ಟು ಗುರುತು ಮಾಡುತ್ತದೆ. ಒಮ್ಮೆ ಬಿದ್ದ ಗುರುತು ಅಳಿಯುವುದಿಲ್ಲ, ಹಾಗಾಗಿ ನಡುವೆ ನಿಂತರೆ ಡಿಸ್ಕ್ ಹಾಳು. ಒಂದರ ವೇಗದಲ್ಲಿ ಡಿಸ್ಕ್ ಪೂರ್ತಿ ತುಂಬಲು ಒಂದೂವರೆ ಗಂಟೆ ಬೇಕು. ಮೊದಲ ಸಲ ಅರ್ಧ ದಾಟಿದಾಗ ಕರೆಂಟ್ ಹೋಯಿತು. ಎರಡನೇ ಸಲವೂ ಹೋಯಿತು. “ಏನೋ ಅದು, ಸಾವಿರ ರೂಪಾಯಿ ಕೊಟ್ಟು ಎರಡು ಕನ್ನಡಿ ತಂದ್ಯಾ?” ಎಂದು ಅಮ್ಮ ನಕ್ಕಳು. ಆಮೇಲೆ ಯು.ಪಿ.ಎಸ್. ತಂದು ರಾತ್ರಿ ಹತ್ತರ ಮೇಲೆ ಕೂತು ಎರಡು ಪ್ರತಿ ಮಾಡಿದೆ: ಒಂದು ಮಗ ತಂದಿದ್ದ ದುಬಾರಿ ಡಿಸ್ಕಿನಲ್ಲಿ, ಇನ್ನೊಂದು ಇಲ್ಲೇ ಸಿಕ್ಕ ಅಗ್ಗದ್ದರಲ್ಲಿ. ಕ್ಯಾಮೆರಾದಲ್ಲಿ ಜಾಗ ಬೇಕಿತ್ತು. ಅದರಲ್ಲಿದ್ದ ಮೂಲವನ್ನು ಅಳಿಸಿಬಿಟ್ಟೆ.

ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಪ್ರಾಜೆಕ್ಟಿಗೆಂದು ಡಿಸ್ಕ್ ತೆಗೆದಾಗ ಪ್ಲೇಯರ್‌ನ ಕಣ್ಣೇ ಹೋಗಿತ್ತು. ಎಂಥ ಡಿಸ್ಕ್ ಹಾಕಿದರೂ ‘ಡಿಸ್ಕ್ ಇಲ್ಲ’ ಎನ್ನುತ್ತಿತ್ತು. ಬರ್ನರ್ ಇದ್ದ ಹಳೆಯ ಕಂಪ್ಯೂಟರನ್ನು ಗುಜರಿಯವನಿಗೆ ಕೊಟ್ಟು ವರ್ಷಗಳಾಗಿದ್ದವು. ಮೊಮ್ಮಗಳ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಇಬ್ಬರೂ ಶನಿವಾರ ಎಸ್.ಪಿ. ರೋಡಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಡಿ.ವಿ.ಡಿ. ಡ್ರೈವ್ ಕೈಗಿಟ್ಟು “ಎಲ್ಲಾ ಓದತ್ತೆ ಸಾರ್” ಎಂದರು. ಕೆಂಪು ಬೆಳಕಿನ ಡ್ರೈವ್ ಬ್ಲೂ-ರೇಯನ್ನು ಓದಲಾರದು. ಎಳೆ ಅಷ್ಟು ಸಣ್ಣದು, ಅದಕ್ಕೆ ಕಾಣುವುದೇ ಇಲ್ಲ. ನಾಲ್ಕನೇ ಅಂಗಡಿಯ ಹುಡುಗ ಬ್ಲೂ-ರೇ ಹೆಸರು ಕೇಳಿ ನಕ್ಕ. 2025ರ ಫೆಬ್ರವರಿಯಲ್ಲಿ ಸೋನಿ ಕಂಪನಿಯೇ ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿದೆ. ಅವನ ನಗುವಿನಲ್ಲಿ ತಪ್ಪೇನಿಲ್ಲ. ಕೊನೆಗೆ ಒಂದು ಮಹಡಿಯ ಮೇಲಿನ ರಿಪೇರಿ ಅಂಗಡಿಯಲ್ಲಿ, ಬಿಚ್ಚಿಟ್ಟ ಹಳೆಯ ಯಂತ್ರದ ಡ್ರೈವ್ ಒಂದು ಸಿಕ್ಕಿತು. ಯು.ಎಸ್.ಬಿ.ಗೆ ಜೋಡಿಸುವ ತಂತಿ, ಕರೆಂಟಿನ ಅಡಾಪ್ಟರ್ ಬೇರೆ.

ಅಗ್ಗದ ಡಿಸ್ಕ್ ತಿರುಗಿತು, ಗುರ್ರೆಂದಿತು, ಹೊರಗೆ ಬಂತು. ರಿಪೇರಿಯವರು ಅದರ ಪೊಟ್ಟಣ ನೋಡಿ ‘ಎಲ್.ಟಿ.ಎಚ್.’ ಎಂಬ ಅಕ್ಷರ ತೋರಿಸಿದರು. ಆ ಬಗೆಯಲ್ಲಿ ಗುರುತು ಬೀಳುವುದು ಸಾವಯವ ಬಣ್ಣದ ಪದರದ ಮೇಲೆ, ಹಳೆಯ ಬರೆಯುವ ಡಿ.ವಿ.ಡಿ.ಗಳಂತೆಯೇ; ಕಾಲ ಕಳೆದಂತೆ ಬಣ್ಣ ಕೆಡಬಹುದು. ಮಾಮೂಲಿ ಬ್ಲೂ-ರೇಯಲ್ಲಿ ಬಣ್ಣದ ಬದಲು ಲೋಹದಂಥ ಪದರ ಇರುತ್ತದೆ. ಎರಡನೆಯದನ್ನು ಹಾಕುವಾಗ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಅಥವಾ ನಾನೇ ಅವಳ ಕೈ ಹಿಡಿದುಕೊಂಡೆನೋ.

ಓದಿತು. ಕುಂಟುತ್ತಾ ಓದಿತು. ಓದಲಾಗದ ಜಾಗವನ್ನು ಮತ್ತೆ ಮತ್ತೆ ನಿಧಾನವಾಗಿ ಪ್ರಯತ್ನಿಸುವ ಸಾಫ್ಟ್‌ವೇರ್ ಹಾಕಿ ಮನೆಯಲ್ಲಿ ರಾತ್ರಿಯಿಡೀ ಬಿಟ್ಟೆವು. ಬೆಳಗಾಗುವಾಗ ಒಂದು ಗಂಟೆಯಲ್ಲಿ ನಲವತ್ತೊಂದು ನಿಮಿಷ ಸಿಕ್ಕಿತ್ತು. ಅಮ್ಮ ಮದುವೆಯಾಗಿ ಈ ಏರಿಯ ಮೇಲೆ ಎತ್ತಿನ ಗಾಡಿಯಲ್ಲಿ ಊರಿಗೆ ಬಂದ ಕಥೆ ಹೇಳಿದ್ದಳು. ಆ ಭಾಗ ಸಿಗಲಿಲ್ಲ. ನನಗೆ ನೆನಪಿರುವಷ್ಟನ್ನು ಮೊಮ್ಮಗಳು ಬರೆದುಕೊಂಡಳು. ಉಳಿದಿದ್ದನ್ನು ಅವತ್ತೇ ಮೂರು ಕಡೆ ಪ್ರತಿ ಮಾಡಿದೆವು, ಒಂದು ಮಗನ ಮನೆಗೆ.

ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ರಾಗಿ ಹೊಲಕ್ಕೆ ಹೊಡೆಯುತ್ತಿದ್ದದ್ದು, ಕೋಡಿ ಬಿದ್ದ ವರ್ಷ ಹುಡುಗರು ಪಂಚೆಯಲ್ಲಿ ಮೀನು ಹಿಡಿದದ್ದು, ಎಲ್ಲ ಅದರಲ್ಲಿದೆ. 2015ರಲ್ಲಿ ಈ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಮೊಮ್ಮಗಳಿಗೆ ಇಲ್ಲಿನ ಹಕ್ಕಿಗಳ ಇಂಗ್ಲಿಷ್ ಹೆಸರು ಬಾಯಿಪಾಠ. ವಿಡಿಯೋದಲ್ಲಿ ಒಂದು ಕಡೆ ಅಮ್ಮ ನೀರಿನತ್ತ ಬೆರಳು ಮಾಡುತ್ತಾಳೆ. ಮೈಯೆಲ್ಲ ನೀರಿನಲ್ಲಿ ಮುಳುಗಿ ಉದ್ದ ಕತ್ತು ಮಾತ್ರ ಮೇಲೆ ಆಡುತ್ತಿರುತ್ತದೆ. “ಅಗೋ, ಹಾವಕ್ಕಿ.”

“ಡಾರ್ಟರ್‌ಗೆ ಹಾವಕ್ಕಿ ಅಂತಾರಾ!” ಎಂದು ಇವಳು ವಿಡಿಯೋ ನಿಲ್ಲಿಸಿ, ಪುಸ್ತಕದಲ್ಲಿ ಬರೆದುಕೊಂಡು, ಮತ್ತೆ ಓಡಿಸಿದಳು. ಪರದೆಯಲ್ಲಿ ಅಮ್ಮ ನನ್ನ ಕಡೆ ತಿರುಗಿದಳು. “ಸಾಕು, ಆ ಡಬ್ಬಿ ಕೆಳಗಿಡೋ ಮಗ. ಕಾಫಿ ಆರೋಯ್ತದೆ.”