ಮುಕ್ತ ಬರಹ, ಮುಕ್ತ ಚಿತ್ರ: ಹೆಸರು ಹಾಕುವ ಹೊಣೆ ಯಾರದು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಸ್ವಂತ ಜಾಲತಾಣ ಹೊಂದಿರುವ ಉದ್ದಿಮೆಗಳು ಈಗ ಅಪರೂಪವಲ್ಲ. ಅಕ್ಕಿ ಗಿರಣಿ, ಮರಗೆಲಸದ ಘಟಕ, ಶುಂಠಿ ಮಂಡಿ, ಕಬಿನಿ ಹಿನ್ನೀರಿನ ಸಮೀಪದ ವಸತಿಗೃಹ, ಹೀಗೆ ಎಲ್ಲರಿಗೂ ಜಾಲತಾಣ ಬೇಕು. ಅದನ್ನು ತುಂಬಲು ಊರಿನ ಪರಿಚಯ ಬೇಕು, ಬೈಲುಕುಪ್ಪೆಯ ಸ್ವರ್ಣಮಂದಿರದ ಚಿತ್ರ ಬೇಕು, ಚುಂಚನಕಟ್ಟೆಯ ಜಲಪಾತ ಬೇಕು, ನಾಗರಹೊಳೆಯ ಆನೆ ಬೇಕು. ಇವೆಲ್ಲವೂ ವಿಕಿಪೀಡಿಯ ಮತ್ತು ವಿಕಿಮೀಡಿಯ ಕಾಮನ್ಸ್‌ನಂತಹ ತಾಣಗಳಲ್ಲಿ ‘ಮುಕ್ತ’ ಎಂಬ ಹೆಸರಿನಡಿ ದೊರೆಯುತ್ತವೆ. ತೊಡಕು ಆರಂಭವಾಗುವುದು ಇಲ್ಲಿಂದಲೇ. ಮುಕ್ತ ಎಂಬ ಮಾತನ್ನು ನಮ್ಮಲ್ಲಿ ಬಹುಮಂದಿ ‘ಬಿಟ್ಟಿ’ ಎಂದು ಅರ್ಥೈಸಿಕೊಳ್ಳುತ್ತಾರೆ.

ಮುಕ್ತ ಸಾಹಿತ್ಯವೂ ಹಕ್ಕುಸ್ವಾಮ್ಯವುಳ್ಳ ಸಾಹಿತ್ಯವೇ. ಅದರ ಒಡೆಯನು ಹಣದ ಬದಲಿಗೆ ಬೇರೊಂದು ಬೆಲೆಯನ್ನು ಕೇಳುತ್ತಾನೆ, ಅಷ್ಟೆ. ಆ ಬೆಲೆ ಅವನ ಹೆಸರು. ತಂಬಾಕು ಹರಾಜು ಕಟ್ಟೆಗೆ ಬರುವ ಬೇಲ್ ಯಾವ ಬೆಳೆಗಾರನದೆಂದು ತಿಳಿಸುವ ಚೀಟಿಯನ್ನು ಕಿತ್ತುಹಾಕಿದರೆ ಏನಾಗುವುದೆಂಬುದನ್ನು ನಮ್ಮ ಭಾಗದ ವರ್ತಕರಿಗೆ ವಿವರಿಸಬೇಕಾಗಿಲ್ಲ. ಮಾಲು ಅಲ್ಲಿಯೇ ಇರುತ್ತದೆ, ಆದರೆ ಪಾವತಿ ಯಾರಿಗೆ ಸಲ್ಲಬೇಕೆಂಬುದು ಮಾತ್ರ ಯಾರಿಗೂ ತಿಳಿಯದು.

ವಿಶ್ವಕೋಶದ ಉದಾಹರಣೆ

ಈ ವಿಷಯದಲ್ಲಿ ನಮ್ಮ ಜಿಲ್ಲೆಯದೇ ಆದ ದೊಡ್ಡ ನಿದರ್ಶನವೊಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಒಟ್ಟು 14 ಸಂಪುಟಗಳ ಈ ಮಹಾಕಾರ್ಯದಲ್ಲಿ ನೂರಾರು ವಿದ್ವಾಂಸರು ದುಡಿದಿದ್ದಾರೆ. 2014ರಲ್ಲಿ ವಿಶ್ವವಿದ್ಯಾನಿಲಯವು ಇದರ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಲೇಖನಗಳು ಕನ್ನಡ ವಿಕಿಸೋರ್ಸ್ ತಾಣವನ್ನು ಸೇರಿದವು, ಅಲ್ಲಿಂದ ಕನ್ನಡ ವಿಕಿಪೀಡಿಯಕ್ಕೆ ಬಂದವು, ವಿಕಿಪೀಡಿಯದಿಂದ ಮುಂದೆ ಎಷ್ಟು ತಾಣಗಳಿಗೆ ಹರಿದವೆಂಬುದಕ್ಕೆ ಲೆಕ್ಕವಿಲ್ಲ.

ಮುದ್ರಿತ ವಿಶ್ವಕೋಶದ ಅನೇಕ ಲೇಖನಗಳ ಕೊನೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳು ಆವರಣದೊಳಗೆ ಇರುತ್ತವೆ. ವಿಕಿಪೀಡಿಯವು ಲೇಖನದ ಅಡಿಯಲ್ಲಿ ವಿಶ್ವಕೋಶದ ಋಣವನ್ನು ಸೂಚಿಸುತ್ತದೆ. ತಿದ್ದಿದವರ ಹೆಸರುಗಳು ‘ಇತಿಹಾಸ’ ಪುಟದಲ್ಲಿ ಉಳಿಯುತ್ತವೆ. ಆದರೆ ಮೂರನೆಯ, ನಾಲ್ಕನೆಯ ತಾಣದ ವೇಳೆಗೆ ವಿದ್ವಾಂಸನ ಮೊದಲಕ್ಷರ ಹೋಯಿತು, ವಿಶ್ವವಿದ್ಯಾನಿಲಯದ ಹೆಸರು ಹೋಯಿತು, ಕಡೆಗೆ ‘ಕೃಪೆ: ಅಂತರಜಾಲ’ ಎಂಬ ಎರಡು ಪದಗಳಷ್ಟೇ ಉಳಿದವು. ಅಂತರಜಾಲವು ಯಾರ ಹೆಸರೂ ಅಲ್ಲ. ಅದನ್ನು ಬರೆಯುವುದೂ ಒಂದೇ, ಬರೆಯದಿರುವುದೂ ಒಂದೇ.

ಹೆಸರು ಅಳಿದುಹೋಗಲು ಕಳ್ಳತನವೇ ಆಗಬೇಕೆಂದಿಲ್ಲ, ರೂಢಿಯೂ ಸಾಕು. ನಮ್ಮ ಅಂಗಡಿ, ಕಚೇರಿಗಳಲ್ಲಿ ದಿನನಿತ್ಯ ಕನ್ನಡ ಟೈಪು ಮಾಡುವ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಅದನ್ನು ನಾವು ಗುರುತಿಸುವುದು ‘ನುಡಿ ಕೀಲಿಮಣೆ’ ಎಂದು, ಲಿನಕ್ಸ್ ಗಣಕಗಳು ಗುರುತಿಸುವುದು ‘ಕಗಪ’ ಎಂದು. ಎಷ್ಟು ಮಂದಿಗೆ ರಾಯರ ಹೆಸರು ಗೊತ್ತು?

ಪರವಾನಗಿಯಲ್ಲಿ ಇರುವುದೇನು?

ವಿಕಿಪೀಡಿಯದ ಬರಹವು 2009ರ ಜೂನ್‌ನಿಂದ ಕ್ರಿಯೇಟಿವ್ ಕಾಮನ್ಸ್‌ನ ‘ಬಿವೈ-ಎಸ್‌ಎ’ ಪರವಾನಗಿಯಲ್ಲಿದೆ. 2023ರ ಜೂನ್‌ನಲ್ಲಿ ಅದರ 4.0 ಆವೃತ್ತಿ ಜಾರಿಗೆ ಬಂದಿತು. ‘ಬಿವೈ’ ಎಂದರೆ ಕರ್ತೃವಿನ ಹೆಸರು ಹೇಳತಕ್ಕದ್ದು. ‘ಎಸ್‌ಎ’ ಎಂದರೆ ಮಾರ್ಪಡಿಸಿ ಪ್ರಕಟಿಸಿದರೆ ಅದನ್ನೂ ಅದೇ ಪರವಾನಗಿಯಡಿ ಬಿಟ್ಟುಕೊಡತಕ್ಕದ್ದು. ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ‘ಎನ್‌ಸಿ’ ಎಂಬ ಗುರುತನ್ನು. ಅದಿರುವ ಚಿತ್ರವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ. ವಸತಿಗೃಹದ ಕರಪತ್ರ, ಸರಕಿನ ಪೊಟ್ಟಣ, ಅಂಗಡಿಯ ಕ್ಯಾಲೆಂಡರ್ ಎಲ್ಲವೂ ವಾಣಿಜ್ಯವೇ. ಹೆಸರು ಹಾಕಿದ್ದೇವೆ ಎಂಬ ಉತ್ತರ ಅಲ್ಲಿ ನಡೆಯದು.

ಎರಡು ತಾಣಗಳು ಜೊತೆಗೂಡಿ ಕೆಲಸ ಮಾಡುವಾಗ ಜಗಳ ಹೇಗೆ ಹುಟ್ಟುತ್ತದೆಂಬುದನ್ನು ಊಹೆಯ ಪ್ರಸಂಗವೊಂದರಿಂದ ನೋಡೋಣ. ಪಿರಿಯಾಪಟ್ಟಣದ ಶುಂಠಿ ವರ್ತಕರೊಬ್ಬರು ಬೆಳೆಯ ಬಗ್ಗೆ ಸವಿವರ ಲೇಖನ ಬರೆಸಿ, ಬಿವೈ-ಎಸ್‌ಎ ಪರವಾನಗಿಯಡಿ ತಮ್ಮ ತಾಣದಲ್ಲಿ ಹಾಕುತ್ತಾರೆ. ಕೋಟೆಯ ವಸತಿಗೃಹದವರು ಪರಸ್ಪರ ಒಪ್ಪಿಗೆಯ ಮೇಲೆ ಅದನ್ನು ತಮ್ಮ ತಾಣಕ್ಕೆ ತೆಗೆದುಕೊಂಡು, ನಾಲ್ಕು ಚಿತ್ರ ಸೇರಿಸುತ್ತಾರೆ. ಆದರೆ ವರ್ತಕರ ಹೆಸರನ್ನು ಪುಟದಲ್ಲಿ ಹಾಕುವುದಿಲ್ಲ, ‘ನಮ್ಮವರೇ ಅಲ್ಲವೇ’ ಎಂಬ ಸಲುಗೆ. ಆರು ತಿಂಗಳ ನಂತರ ಮೈಸೂರಿನ ಪ್ರವಾಸಿ ತಾಣವೊಂದು ವಸತಿಗೃಹದ ಪುಟವನ್ನೇ ಎತ್ತಿ, ಪ್ರಾಮಾಣಿಕವಾಗಿ ವಸತಿಗೃಹದ ಹೆಸರನ್ನೇ ಹಾಕುತ್ತದೆ. ವರ್ತಕರು ಸಿಟ್ಟಾಗುವುದು ಯಾರ ಮೇಲೆ? ಪರವಾನಗಿಯ ಪ್ರಕಾರ ಮರುಬಳಕೆದಾರನು ಉಳಿಸಿಕೊಳ್ಳಬೇಕಾದುದು ಕೃತಿಯ ಜೊತೆಯಲ್ಲಿ ತನಗೆ ದೊರೆತ ಹೆಸರನ್ನು. ದೊರೆಯದ ಹೆಸರಿಗೆ ಮೈಸೂರಿನವರನ್ನು ದೂರಿ ಫಲವಿಲ್ಲ. ತಪ್ಪಿದ್ದು ಮೊದಲ ಕೊಂಡಿಯಲ್ಲಿ, ಅದೂ ಸ್ನೇಹಿತರ ನಡುವೆ.

ಆದುದರಿಂದ ಹಂಚಿಕೆಯ ಮೊದಲ ದಿನವೇ ಋಣದ ಸಾಲನ್ನು ಅಕ್ಷರಶಃ ಬರೆದು ಕೊಡುವುದು ಕ್ಷೇಮ. ಲೇಖನದ ಹೆಸರು, ಬರೆದವರ ಹೆಸರು, ಮೂಲ ತಾಣದ ಕೊಂಡಿ, ಪರವಾನಗಿಯ ಹೆಸರು, ಬದಲಾವಣೆ ಮಾಡಿದ್ದರೆ ಆ ಮಾತು, ಇಷ್ಟು ಒಂದೇ ಸಾಲಿನಲ್ಲಿ ಹಿಡಿಯುತ್ತದೆ. ಹಳೆಯ 3.0 ಆವೃತ್ತಿಯಲ್ಲಿ ಷರತ್ತು ಮುರಿದೊಡನೆ ಬಳಕೆಯ ಹಕ್ಕು ತಾನಾಗಿ ರದ್ದಾಗುತ್ತಿತ್ತು. 4.0 ಆವೃತ್ತಿಯಲ್ಲಿಯೂ ರದ್ದಾಗುತ್ತದೆ, ಆದರೆ ಲೋಪ ತಿಳಿದ 30 ದಿನಗಳೊಳಗೆ ಸರಿಪಡಿಸಿದರೆ ಹಕ್ಕು ಮರಳಿ ಬರುತ್ತದೆ. ಅಂತರಜಾಲದಲ್ಲಿ ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಐದು ಸಾವಿರ ಕರಪತ್ರ ಅಚ್ಚಾಗಿದ್ದರೆ ಮಾತು ಬೇರೆ.

ಕಾನೂನಿನ ಮಾತು

1957ರ ನಮ್ಮ ಹಕ್ಕುಸ್ವಾಮ್ಯ ಅಧಿನಿಯಮದ 57ನೆಯ ಪ್ರಕರಣವು ಕರ್ತೃತ್ವವನ್ನು ಸಾಧಿಸುವ ಹಕ್ಕನ್ನು ಕರ್ತೃವಿಗೆ ಕೊಟ್ಟಿದೆ. ಕೃತಿಯನ್ನು ಮಾರಿದ ಮೇಲೂ ಈ ಹಕ್ಕು ಅವನಲ್ಲಿಯೇ ಇರುತ್ತದೆ. ದೆಹಲಿಯ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಗೋದಾಮಿಗೆ ಹಾಕಿದ್ದಕ್ಕಾಗಿ ಶಿಲ್ಪಿ ಅಮರನಾಥ್ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧವೇ ವ್ಯಾಜ್ಯ ಹೂಡಿದ್ದರು. ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಇದೇ ಪ್ರಕರಣವನ್ನು ಆಧರಿಸಿ ಶಿಲ್ಪವನ್ನು ಅವರಿಗೆ ಹಿಂದಿರುಗಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಆದೇಶಿಸಿತು. ಮುಕ್ತ ಪರವಾನಗಿಯ ಷರತ್ತು ಬರಿಯ ಸೌಜನ್ಯವಲ್ಲ, ಅದನ್ನು ಮುರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿ ಜೇಕಬ್ಸನ್ ಮತ್ತು ಕಾಟ್ಜರ್ ವ್ಯಾಜ್ಯದಲ್ಲಿ ಹೇಳಿದೆ. ಆ ವ್ಯಾಜ್ಯದ ವಸ್ತು ಆಟಿಕೆ ರೈಲುಗಳನ್ನು ಓಡಿಸುವ ತಂತ್ರಾಂಶ!

ಜಾಲತಾಣವನ್ನು ಹೊರಗಿನವರಿಂದ ಮಾಡಿಸುವ ನಮ್ಮ ಸದಸ್ಯರು ಇನ್ನೊಂದು ಸಂಗತಿ ತಿಳಿದಿರಬೇಕು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಒಡೆಯರು. ಹೊರಗಿನವರು ಬರೆದುಕೊಟ್ಟ ಬರಹಕ್ಕೆ ಹಾಗಲ್ಲ. ಲಿಖಿತ ಹಸ್ತಾಂತರ ಪತ್ರವಿಲ್ಲದೆ ಅದರ ಹಕ್ಕು ನಿಮಗೆ ಬಾರದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೇ ಎಣಿಕೆ. ನಿಮ್ಮದಲ್ಲದ ಬರಹವನ್ನು ಮುಕ್ತ ಪರವಾನಗಿಯಡಿ ಮತ್ತೊಬ್ಬರಿಗೆ ಹಂಚುವ ಅಧಿಕಾರವೂ ನಿಮಗಿರುವುದಿಲ್ಲ.

ಬರಹ ಕೊಟ್ಟರೆ ಹೆಸರು ಕೊಟ್ಟಂತಲ್ಲ

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯು ವ್ಯಾಪಾರ ಮುದ್ರೆಯನ್ನು ಒಳಗೊಳ್ಳುವುದಿಲ್ಲ. ವಿಶ್ವಕೋಶದ ಲೇಖನವನ್ನು ಬಳಸಿಕೊಂಡು ‘ವಿಶ್ವವಿದ್ಯಾನಿಲಯದಿಂದ ಮಾನ್ಯತೆ ಪಡೆದುದು’ ಎಂಬ ಭಾವನೆ ಬರುವಂತೆ ಅಚ್ಚು ಹಾಕಿಸುವುದನ್ನು ಪರವಾನಗಿಯೇ ತಡೆಯುತ್ತದೆ. ಹಾಗೆಯೇ ಜಂಟಿಯಾಗಿ ನಡೆಸಿದ ತಾಣದಿಂದ ಒಬ್ಬರು ಹೊರಬಂದಾಗ ಬರಹಗಳನ್ನು ಇಬ್ಬರೂ ಇಟ್ಟುಕೊಳ್ಳಬಹುದು, ತಾಣದ ಹೆಸರನ್ನು ಇಬ್ಬರೂ ಇಟ್ಟುಕೊಳ್ಳಲಾಗದು. ತಾಣದ ಹೆಸರಿಗೂ ವ್ಯಾಪಾರ ಮುದ್ರೆಯಂತೆಯೇ ರಕ್ಷಣೆಯುಂಟೆಂದು ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ತೀರ್ಪಿತ್ತಿದೆ. ತಾಣದ ಹೆಸರನ್ನು ತಯಾರಿಸಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಾಯಿಸಿ ಮರೆತುಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ನವೀಕರಣದ ರಸೀದಿ ಯಾರ ಹೆಸರಿನಲ್ಲಿ ಬರುತ್ತಿದೆ ಎಂದು ಈ ತಿಂಗಳೇ ನೋಡಿಕೊಳ್ಳುವುದು ಲೇಸು.

ಊರಿನ ಹೆಸರಿನದೂ ಒಂದು ಪೇಚು. ಕನ್ನಡದಲ್ಲಿ ‘ಪಿರಿಯಾಪಟ್ಟಣ’ ಎಂದು ನಿಶ್ಚಿಂತೆಯಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅದು ಪೆರಿಯಪಟ್ನ, ಪಿರಿಯಪಟ್ನ ಎಂದು ಬಗೆಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಮೈಸೂರು ಸೇರಿದಂತೆ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಸರ್ಕಾರವು 2014ರ ನವೆಂಬರ್ 1ರಂದು ಬದಲಿಸಿತು. ಕೃಷ್ಣರಾಜನಗರವನ್ನು ಹಳೆಯ ದಾಖಲೆಗಳಲ್ಲಿ ಹುಡುಕುವವರು ಯಡತೊರೆ ಎಂದೇ ಹುಡುಕಬೇಕು. ಒಂದು ತಾಣ ಒಂದು ರೂಪವನ್ನು, ಮತ್ತೊಂದು ತಾಣ ಇನ್ನೊಂದನ್ನು ಹಿಡಿದರೆ ಹಂಚಿಕೊಂಡ ಪುಟವನ್ನು ತಿದ್ದುವುದರಲ್ಲೇ ಇಬ್ಬರಿಗೂ ಹೊತ್ತು ಹೋಗುತ್ತದೆ. ಯಾವ ರೂಪವನ್ನು ಬಳಸುವುದೆಂಬುದನ್ನೂ ಋಣದ ಸಾಲು ಬರೆಯುವ ಅದೇ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಬಹುದು.