ಗಾಜಿನೊಡಲಲ್ಲಿ ಜೇಡಿಮಣ್ಣಿನ ಮುಖ

ಕಲಬುರಗಿ ಕಡೆಯಿಂದ ರೈಲಿನಲ್ಲಿ ಬಂದು ಹೈದರಾಬಾದಿನ ನಾಂಪಲ್ಲಿಯಲ್ಲಿ ಇಳಿದವರು ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗುವುದುಂಟು. ಮುಸುಕಿನ ರೆಬೆಕ್ಕಾಳ ಶಿಲ್ಪವನ್ನು ಕಣ್ತುಂಬಿಕೊಂಡು, ಗಂಟೆ ಬಾರಿಸುವ ಗಡಿಯಾರದ ಮುಂದೆ ಕಾದು, ಯುರೋಪಿನ ಗಾಜಿನ ವಿಭಾಗವನ್ನು ಅವಸರದಲ್ಲಿ ದಾಟುತ್ತಾರೆ. ಆ ಅವಸರ ಸಲ್ಲದು.

ಬೊಹೀಮಿಯ, ಫ್ರಾನ್ಸ್, ಇಂಗ್ಲೆಂಡಿನ ಕುಲುಮೆಗಳಲ್ಲಿ ಅರಳಿದ ಗಾಜಿನ ವಿದ್ಯೆಗಳಲ್ಲಿ ಅತಿ ಕಠಿಣವಾದುದೊಂದು ‘ಸಲ್ಫೈಡ್’. ಪಾರದರ್ಶಕ ಗಾಜಿನ ಒಡಲೊಳಗೆ ರಾಜನದೋ ಸೇನಾನಿಯದೋ ಉಬ್ಬು ಮುಖ. ನೋಡಿದರೆ ಬೆಳ್ಳಿಯೆನಿಸುತ್ತದೆ. ಬೀದರದ ಬಿದರಿಯಲ್ಲಿ ಹೊಳೆಯುವುದು ನಿಜವಾದ ಬೆಳ್ಳಿ. ಇಲ್ಲಿರುವುದು ಸುಟ್ಟ ಬಿಳಿ ಜೇಡಿಮಣ್ಣು ಮಾತ್ರ. ಮಣ್ಣಿಗೂ ಗಾಜಿಗೂ ನಡುವೆ ಉಳಿದ ತೆಳುವಾದ ಗಾಳಿಯ ಪದರ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ ಆ ಹೊಳಪು ಕೊಡುತ್ತದೆ.

ಹದಿನೆಂಟನೇ ಶತಮಾನದಲ್ಲಿ ಬೊಹೀಮಿಯದವರು ಈ ಪ್ರಯತ್ನಕ್ಕೆ ಕೈಹಾಕಿದರು. ಫ್ರಾನ್ಸಿನಲ್ಲಿ ದೆಸ್‌ಪ್ರೆ ಎಂಬ ತಂದೆ-ಮಗ ಹೆಸರು ಮಾಡಿದರು. 1819ರಲ್ಲಿ ಲಂಡನ್ನಿನ ಆಪ್‌ಸ್ಲಿ ಪೆಲ್ಯಾಟ್ ಇದಕ್ಕೆ ಪೇಟೆಂಟ್ ಪಡೆದ. ಅವನ ವಿಧಾನ ಹೀಗೆ: ಊದುಕೊಳವೆಯ ತುದಿಯಲ್ಲಿ ಬಿಸಿ ಗಾಜನ್ನು ಪೊಳ್ಳಾಗಿ ಊದಿ, ಮೊದಲೇ ಕಾಯಿಸಿದ ಮುಖವನ್ನು ತೆರೆದ ಬಾಯಿಂದ ಒಳಗಿಟ್ಟು, ಬಾಯಿ ಮುಚ್ಚಿ ಮತ್ತೆ ಕಾಯಿಸುವುದು. ಆಮೇಲೆ ಊದುವ ಬದಲು ಗಾಳಿಯನ್ನು ಹೀರುವುದು. ಆಗ ಗಾಜು ಕುಸಿದು ಮುಖದ ಸುತ್ತ ಅಪ್ಪಿಕೊಳ್ಳುತ್ತದೆ.

ಕೇಳಲು ಸುಲಭ. ಆದರೆ ಗಾಜು ಕರಗುವ ಬಿಸಿಗೆ ಮಣ್ಣು ಕರಗಬಾರದು. ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಹದ ತಪ್ಪಿದರೆ ಗಾಜು ಬಿರುಕು ಬಿಡುತ್ತದೆ. ಇಷ್ಟು ಕಷ್ಟದ ಕೆಲಸದಲ್ಲಿ ಕುಶಲಕರ್ಮಿಯ ಕೈಗುರುತೇ ಕಾಣದು, ಮೂಡಿಸಿದ ದೊರೆಯ ಮುಖವಷ್ಟೇ ಕಾಣುತ್ತದೆ. ದೊರೆಗಿಂತ ಆ ಕೈಗೇ ಹೆಚ್ಚಿನ ಮನ್ನಣೆ ಸಲ್ಲಬೇಕು.

ಫ್ರಾನ್ಸಿನ ಬಕರಾ ಕಾರ್ಖಾನೆ ಈ ಕಲೆಯನ್ನು ಕಾಗದ ಅದುಮುವ ಗಾಜಿನ ಗುಂಡುಗಳಿಗೆ ತಂದಿತು. 1953ರ ಸುಮಾರಿಗೆ ಅಲ್ಲಿ ಅದಕ್ಕೆ ಮರುಜೀವ ಬಂತು.

ಹೈದರಾಬಾದಿಗೆ ಯುರೋಪಿನ ಗಾಜನ್ನು ರಾಶಿರಾಶಿಯಾಗಿ ತಂದವರಲ್ಲಿ ಪ್ರಮುಖರು ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. 1949ರಲ್ಲಿ ಅವರು ತೀರಿಕೊಂಡ ಬಳಿಕ, 1951ರ ಡಿಸೆಂಬರ್ 16ರಂದು ನೆಹರೂ ಅವರ ಸಂಗ್ರಹವನ್ನು ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ.

ಅಲ್ಲಿನ ಗಾಜಿನ ಮುಂದೆ ನಿಂತಾಗ ಕೆತ್ತನೆ ಯಾವುದು, ಬಣ್ಣ ಬಳಿದದ್ದು ಯಾವುದು, ಪದರದ ಮೇಲೆ ಪದರ ಕೂಡಿಸಿ ಕೊರೆದದ್ದು ಯಾವುದು ಎಂದು ಬಿಡಿಸಿ ನೋಡಿ. ಸಲ್ಫೈಡ್ ಎಲ್ಲಿ ಎದುರಾದರೂ ಓರೆಯಿಂದ ನೋಡಿ, ಬೆಳ್ಳಿಹೊಳಪು ಬದಲಾಗುತ್ತದೆ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.